ವಾಹನ ನಿಲುಗಡೆ ನಿಯಮಗಳು ಮತ್ತು ವಸತಿ ನಿರ್ಮಾಣ: ಒಂದು ವಿಶ್ಲೇಷಣೆ

(ಕಟ್ಟಡ ಪರವಾನಗಿ ಅರ್ಜಿದಾರರ ಮಾಹಿತಿಗಾಗಿ)

ಮನೆ ಕಟ್ಟಲು ಪರವಾನಗಿ ಕೋರಿ ಸಲ್ಲಿಸುವ ಅರ್ಜಿಯೊಂದಿಗೆ ಲಗತ್ತಿಸಲಾಗುವ ನಕ್ಷೆಯಲ್ಲಿ, ನೆಲ ಅಂತಸ್ತಿನ ಒಂದು ಮೂಲೆಯನ್ನು ಆಯತಾಕಾರವಾಗಿ ಗುರುತಿಸಿ ‘ವಾಹನ ನಿಲುಗಡೆ’ ಎಂದು ನಮೂದಿಸಿರುವುದನ್ನು ಅರ್ಜಿದಾರರು ಗಮನಿಸಿರಬಹುದು. ಅನೇಕ ಸಂದರ್ಭಗಳಲ್ಲಿ ಅರ್ಜಿದಾರರಲ್ಲಿ ಕಾರು ಇರುವುದಿಲ್ಲ. ಸದ್ಯದಲ್ಲಿ ಕೊಳ್ಳುವ ಯೋಚನೆಯೂ ಇರುವುದಿಲ್ಲ. ನಿಯಮದಲ್ಲಿ ಇರುವುದರಿಂದ ತೋರಿಸಲೇಬೇಕೆಂದು ನಕ್ಷೆ ತಯಾರಿಸಿದ ಇಂಜಿನಿಯರರು ತಿಳಿಸಿರುತ್ತಾರೆ. ನಕ್ಷೆ ಮಂಜೂರಾದ ಮೇಲೆ ಆ ಮೂಲೆಯಲ್ಲಿ ಅಡುಗೆಮನೆಯೋ ಅಂಗಡಿಯೋ ಮೇಲೇಳುತ್ತದೆ. ಇದು ಎಲ್ಲರಿಗೂ ತಿಳಿದಿರುವ ಸಂಗತಿ.

ಇದುವರೆಗೆ ಅಷ್ಟಾಗಿ ತೊಂದರೆ ಕೊಡದ ಈ ವ್ಯತ್ಯಾಸ ಈಗ ತೊಂದರೆ ಕೊಡಲಾರಂಭಿಸಿದೆ. ದಿನಾಂಕ 17-12-2024ರಂದು ಸರ್ವೋಚ್ಚ ನ್ಯಾಯಾಲಯವು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನಗಳನ್ನು ನೀಡಿ, ಕಟ್ಟಡವು ಮಂಜೂರಾದ ನಕ್ಷೆಯಂತೆಯೇ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ ಅಥವಾ ಸ್ವಾಧೀನಾನುಭವ ಪತ್ರವನ್ನು ಹಾಜರುಪಡಿಸಿದ ನಂತರವೇ ವಿದ್ಯುತ್, ನೀರು ಮತ್ತು ಒಳಚರಂಡಿ ಸಂಪರ್ಕ ಒದಗಿಸಬೇಕೆಂದು ತಿಳಿಸಿತು. ಆ ಬಳಿಕ 2025ರಲ್ಲಿ ನಮ್ಮ ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳ ಕಚೇರಿಗಳ ಮುಂದೆ ಹೊಸ ಮನೆಗಳ ಮಾಲೀಕರು ಅಲೆಯಬೇಕಾಯಿತು. ಕಾಗದದ ಮೇಲಷ್ಟೇ ಇದ್ದ ಆ ಆಯತಕ್ಕೆ ಹೀಗೆ ಮೀಟರಿನ ಮಹತ್ವ ಬಂದಿದೆ. ಆದುದರಿಂದ ಸದರಿ ನಿಯಮ ಎಲ್ಲಿಂದ ಬಂದಿತು, ಅದರ ಬೆಲೆಯೆಷ್ಟು, ಆ ಬೆಲೆಯನ್ನು ತೆರುವವರಾರು ಎಂಬುದನ್ನು ಬಾಗಲಕೋಟೆ ಜಿಲ್ಲೆಯ ಉದಾಹರಣೆಗಳೊಂದಿಗೆ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇಲ್ಲಿನ ಅಭಿಪ್ರಾಯಗಳು ಲೇಖಕರವು. ಅವುಗಳನ್ನು ನಿಯಮದ ಅಧಿಕೃತ ವ್ಯಾಖ್ಯಾನವೆಂದು ಪರಿಗಣಿಸತಕ್ಕದ್ದಲ್ಲ.

ನಿಯಮದ ಮೂಲ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿಯಲ್ಲಿ ಯೋಜನಾ ಪ್ರಾಧಿಕಾರಗಳು ಸಿದ್ಧಪಡಿಸುವ ಮಹಾಯೋಜನೆಯೊಂದಿಗೆ ವಲಯ ನಿಯಮಾವಳಿಯೂ ಇರುತ್ತದೆ. ಯಾವ ಉಪಯೋಗದ ಕಟ್ಟಡಕ್ಕೆ ಎಷ್ಟು ವಾಹನ ನಿಲುಗಡೆ ಸ್ಥಳ ಬೇಕೆಂಬ ಕೋಷ್ಟಕ ಇರುವುದು ಅದರಲ್ಲಿ. ಕರ್ನಾಟಕ ಪೌರಸಭೆಗಳ ಕಾಯ್ದೆ, 1964ರ ಅಡಿಯ ಕಟ್ಟಡ ಉಪವಿಧಿಗಳು ಇದನ್ನು ಪುನರುಚ್ಚರಿಸುತ್ತವೆ. ಗ್ರಾಮ ಪಂಚಾಯಿತಿ ಪ್ರದೇಶಗಳಲ್ಲಿ ಪಂಚಾಯತ್ ರಾಜ್ ಕಾಯ್ದೆ, 1993ರ ಪ್ರಕರಣ 64ರಂತೆ ಪಂಚಾಯಿತಿಯ ಅನುಮತಿ ಪಡೆಯತಕ್ಕದ್ದು. ಹೀಗಾಗಿ ಅರ್ಜಿದಾರರು ತಮ್ಮ ನಿವೇಶನವು ಯೋಜನಾ ಪ್ರಾಧಿಕಾರದ ವ್ಯಾಪ್ತಿಯೊಳಗಿದೆಯೇ ಹೊರಗಿದೆಯೇ ಎಂಬುದನ್ನು ಎಲ್ಲಕ್ಕೂ ಮೊದಲು ಖಚಿತಪಡಿಸಿಕೊಳ್ಳುವುದು ಒಳಿತು. ಒಂದೇ ಅಳತೆಯ ಎರಡು ನಿವೇಶನಗಳಿಗೆ, ನಡುವಿನ ಗಡಿರೇಖೆಯೊಂದರ ಕಾರಣದಿಂದ, ಎರಡು ಬಗೆಯ ನಿಯಮ ಅನ್ವಯಿಸಬಹುದು.

ಒಂದು ಕಾರಿಗೆ ನಿಗದಿಯಾದ ಸ್ಥಳ 2.5 ಮೀಟರ್ ಅಗಲ, 5.5 ಮೀಟರ್ ಉದ್ದ, ಅಂದರೆ 13.75 ಚದರ ಮೀಟರ್. ಎಷ್ಟು ಕಾರಿಗೆ ಎಂಬುದು ಊರಿನಿಂದ ಊರಿಗೆ, ಉಪಯೋಗದಿಂದ ಉಪಯೋಗಕ್ಕೆ ಬದಲಾಗುತ್ತದೆ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ-2015ರಲ್ಲಿ, ಬಹುಕುಟುಂಬ ವಸತಿ ಕಟ್ಟಡಗಳ ಸಂಬಂಧ, 50 ಚ.ಮೀ. ಒಳಗಿನ ಎರಡು ಮನೆಗಳಿಗೆ ಒಂದು ಕಾರಿನ ಸ್ಥಳ, ಅದಕ್ಕಿಂತ ದೊಡ್ಡ ಮನೆಗಳಿಗೆ ಹೆಚ್ಚು, ಒಟ್ಟಿನ ಮೇಲೆ ಅತಿಥಿಗಳಿಗೆಂದು ಶೇ. 10 ಎಂಬ ಪದ್ಧತಿಯಿದೆ. ರಾಜ್ಯದ ಇತರ ಊರುಗಳಲ್ಲಿಯೂ ಬಹುಮಟ್ಟಿಗೆ ಇದೇ ಮಾದರಿಯ ಕೋಷ್ಟಕಗಳನ್ನು ಕಾಣಬಹುದು. ಸಣ್ಣ ನಿವೇಶನಗಳಿಗೆ ಕೆಲವೆಡೆ ರಿಯಾಯಿತಿ ಇರುವುದರಿಂದ ತಮ್ಮ ಊರಿನ ಕೋಷ್ಟಕವನ್ನು ನೋಡಿಕೊಳ್ಳದೆ ನೆರೆಯವರ ಮಾತನ್ನು ನಂಬಿ ನಕ್ಷೆ ಮಾಡಿಸಬಾರದು.

ಈ ಪದ್ಧತಿ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರವು 1923ರಲ್ಲಿಯೇ ಬಹುಮಹಡಿ ವಸತಿ ಕಟ್ಟಡಗಳಿಗೆ ಇಂತಿಷ್ಟು ವಾಹನ ಸ್ಥಳ ಕಡ್ಡಾಯವೆಂದು ವಿಧಿಸಿತು. ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಬಹುತೇಕ ನಗರಗಳು ಅದನ್ನು ಅನುಸರಿಸಿದವು. ನಮ್ಮಲ್ಲಿ 1970ರಲ್ಲಿ ಮೊದಲಿಗೆ ಪ್ರಕಟವಾಗಿ, 1983, 2005 ಮತ್ತು 2016ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಕಟ್ಟಡ ಸಂಹಿತೆ ಮತ್ತು ಆಯಾ ನಗರಗಳ ಮಹಾಯೋಜನೆಗಳ ಮೂಲಕ ಇದು ಪ್ರಚಾರಕ್ಕೆ ಬಂದಿತು. ನಿಯಮದ ಹಿಂದಿನ ಉದ್ದೇಶ ಒಳ್ಳೆಯದೇ. ಒಬ್ಬರು ಕಟ್ಟಿದ ಕಲ್ಯಾಣ ಮಂಟಪದ ವಾಹನಗಳು ಹತ್ತು ಮನೆಗಳವರ ಬಾಗಿಲಿಗೆ ಅಡ್ಡಲಾಗಬಾರದು. ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಸಾಗಲು ದಾರಿ ಇರಬೇಕು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕಲ್ಯಾಣ ಮಂಟಪಕ್ಕೆ ಒಪ್ಪುವ ತರ್ಕವನ್ನು 20×30 ಅಡಿ ನಿವೇಶನದ ಮನೆಗೆ ವಿಸ್ತರಿಸಿದಾಗ ಲೆಕ್ಕ ಬೇರೆಯಾಗುತ್ತದೆ.

ಜಮಾ-ಖರ್ಚಿನ ಲೆಕ್ಕ

13.75 ಚ.ಮೀ. ಎಂದರೆ ಸುಮಾರು 148 ಚದರ ಅಡಿ. 30×40 ಅಡಿ ನಿವೇಶನದ ವಿಸ್ತೀರ್ಣ 1,200 ಚದರ ಅಡಿ. ಅದರಲ್ಲಿ ಒಂದು ಕಾರಿನ ಪಾಲು ಶೇ. 12ಕ್ಕಿಂತ ಸ್ವಲ್ಪ ಹೆಚ್ಚು. 20×30 ಅಡಿ ನಿವೇಶನದಲ್ಲಾದರೆ 600 ಚದರ ಅಡಿಗೆ 148, ಅಂದರೆ ಹತ್ತಿರಹತ್ತಿರ ಕಾಲು ಭಾಗ. ಸುತ್ತಲೂ ಬಿಡಬೇಕಾದ ತೆರೆದ ಜಾಗ ಇದಕ್ಕೆ ಪ್ರತ್ಯೇಕ.

ಅನೇಕ ಮನೆಗಳಿರುವ ಕಟ್ಟಡಗಳಲ್ಲಿ ಕಾರು ನಿಲ್ಲುವ ಜಾಗವಷ್ಟೇ ಸಾಲದು. ಅದು ಒಳಬರಲು, ತಿರುಗಲು ದಾರಿ ಬೇಕು. ದೆಹಲಿಯ ಮಹಾಯೋಜನೆ-2021 ಇದನ್ನು ಸೇರಿಸಿ ಒಂದು ಕಾರಿಗೆ ಬಯಲಿನಲ್ಲಿ 23 ಚ.ಮೀ., ನೆಲ ಅಂತಸ್ತಿನ ಮುಚ್ಚಿದ ಜಾಗದಲ್ಲಿ 28 ಚ.ಮೀ., ನೆಲಮಾಳಿಗೆಯಲ್ಲಿ 32 ಚ.ಮೀ. ಎಂದು ಲೆಕ್ಕ ಹಾಕುತ್ತದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆಯಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದ ಕುಟುಂಬಕ್ಕೆ ನಿಗದಿಪಡಿಸಿದ ಮನೆಯ ಒಳ ವಿಸ್ತೀರ್ಣದ ಮಿತಿ 30 ಚ.ಮೀ. ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡತಕ್ಕದ್ದು. ಐದು ಜನರ ಕುಟುಂಬಕ್ಕೆ ಸಾಕೆಂದು ಸರ್ಕಾರ ಭಾವಿಸಿದ ಮನೆಗೂ ಒಂದು ಕಾರು ಆರಾಮವಾಗಿ ಬಂದು ನಿಲ್ಲಲು ಬೇಕಾದ ಜಾಗಕ್ಕೂ ನಡುವಿನ ವ್ಯತ್ಯಾಸ ಎರಡು ಚದರ ಮೀಟರ್.

ಹಣದ ಲೆಕ್ಕವನ್ನೂ ನೋಡೋಣ. ಕೆಳಗಿನ ದರಗಳು ಉದಾಹರಣೆಗಾಗಿ ಇಟ್ಟುಕೊಂಡವು ಮಾತ್ರ. 28 ಚ.ಮೀ. ಎಂದರೆ ಸುಮಾರು 300 ಚದರ ಅಡಿ. ಕಂಬಗಳ ಮೇಲೆ ನಿಂತ ತೆರೆದ ನೆಲ ಅಂತಸ್ತನ್ನು, ಅಂದರೆ ಸ್ಟಿಲ್ಟ್ ಅನ್ನು, ಚದರ ಅಡಿಗೆ ರೂ. 1,000ದಂತೆ ಕಟ್ಟಿಸಿದರೆ ಒಂದು ಕಾರಿನ ಪಾಲಿಗೆ ರೂ. 3 ಲಕ್ಷ. ಈ ಮೊತ್ತವನ್ನು ಶೇ. 9ರ ಬಡ್ಡಿಯಲ್ಲಿ 20 ವರ್ಷದ ಗೃಹಸಾಲವಾಗಿ ಪಡೆದರೆ ಮಾಸಿಕ ಕಂತು ಸುಮಾರು ರೂ. 2,700, ಸಾಲ ತೀರುವ ಹೊತ್ತಿಗೆ ಕಟ್ಟಿದ ಒಟ್ಟು ಮೊತ್ತ ರೂ. 6.48 ಲಕ್ಷ. ನಿವೇಶನದ ಬೆಲೆಯನ್ನು ಇದಕ್ಕೆ ಸೇರಿಸಿಲ್ಲ. ಮನೆಯ ಮಾಲೀಕರು ಮೇಲಿನ ಎರಡು ಅಂತಸ್ತುಗಳನ್ನು ಬಾಡಿಗೆಗೆ ಕೊಟ್ಟರೆಂದರೆ ಈ ವೆಚ್ಚ ಬಾಡಿಗೆಯಲ್ಲಿ ಸೇರಿಹೋಗುತ್ತದೆ. ಸೈಕಲ್ಲೋ ದ್ವಿಚಕ್ರ ವಾಹನವೋ ಮಾತ್ರ ಉಳ್ಳ ಬಾಡಿಗೆದಾರರು, ತಮ್ಮಲ್ಲಿಲ್ಲದ ಕಾರಿನ ಜಾಗಕ್ಕೆ ತಿಂಗಳು ತಿಂಗಳೂ ಹಣ ತೆರುತ್ತಾರೆ. ರಸೀದಿಯಲ್ಲಿ ಅದರ ಉಲ್ಲೇಖ ಇರುವುದಿಲ್ಲ. ವಾಣಿಜ್ಯ ಲೆಕ್ಕಶಾಸ್ತ್ರದಲ್ಲಿ ಒಂದು ವಸ್ತುವಿನ ವೆಚ್ಚವನ್ನು ಇನ್ನೊಂದರ ತಲೆಗೆ ಹಾಕುವುದನ್ನು ದೋಷವೆಂದು ಕಲಿಸಲಾಗುತ್ತದೆ. ಇಲ್ಲಿ ಆಗುತ್ತಿರುವುದು ಅದೇ: ಖರ್ಚು ಕಾರಿನದು, ಖಾತೆ ಮನೆಯದು.

ಕಾರು ಇರುವವರಾದರೂ ಎಷ್ಟು? 2011ರ ಜನಗಣತಿಯ ಪ್ರಕಾರ ದೇಶದ ಕುಟುಂಬಗಳಲ್ಲಿ ಕಾರು ಹೊಂದಿದ್ದವು ಶೇ. 4.7, ದ್ವಿಚಕ್ರ ವಾಹನ ಹೊಂದಿದ್ದವು ಶೇ. 21. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕಾರಿನ ಪ್ರಮಾಣ ಸುಮಾರು ಶೇ. 8ಕ್ಕೆ ಏರಿದರೆ, ದ್ವಿಚಕ್ರ ವಾಹನ ಸುಮಾರು ಅರ್ಧದಷ್ಟು ಕುಟುಂಬಗಳನ್ನು ತಲುಪಿತು. ಸಂಖ್ಯೆ ಏರುತ್ತಿದೆ ಎಂಬುದು ನಿಜ. ಮುಂದಾಲೋಚನೆ ಬೇಕೆಂಬುದೂ ನಿಜ. ಆದರೆ ಒಂದು ಕಾರಿನ ಜಾಗದಲ್ಲಿ ಐದಾರು ದ್ವಿಚಕ್ರ ವಾಹನಗಳು ನಿಲ್ಲುತ್ತವೆ ಎಂಬುದನ್ನು ಕೋಷ್ಟಕ ಅಷ್ಟಾಗಿ ಗಮನಿಸುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದೆಂದು ಹೇಳುವ, ಎಫ್.ಎ.ಆರ್. ಎಂದು ಕರೆಯುವ ಲೆಕ್ಕದಿಂದ ವಾಹನ ನಿಲುಗಡೆಯ ಜಾಗವನ್ನು ಹೊರಗಿಡಲಾಗಿದೆ. ಮೆಟ್ಟಿಲು ಹತ್ತಲಾಗದ ತಾಯಿಗೆ ಕೆಳಗೆ ಒಂದು ಕೋಣೆ ಕಟ್ಟಿದರೆ ಅದು ಲೆಕ್ಕಕ್ಕೆ ಬರುತ್ತದೆ. ಅದೇ ಜಾಗವನ್ನು ಕಾರಿಗೆ ಬಿಟ್ಟರೆ ಬರುವುದಿಲ್ಲ.

ರಸ್ತೆಯ ಕಡೆಯಿಂದ ನೋಡಿದಾಗ

ಮನೆಯೊಳಗೆ ಕಾರು ನಿಲ್ಲಿಸಿದರೆ ರಸ್ತೆ ತೆರವಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. 20 ಅಡಿ ಮುಂಭಾಗದ ನಿವೇಶನವನ್ನೇ ಪರಿಶೀಲಿಸೋಣ. ಕಾರು ಒಳಹೋಗಲು ಕನಿಷ್ಠ 8 ಅಡಿಯ ಗೇಟು ಬೇಕು. ಗೇಟಿನ ಮುಂದೆ ಬೇರೆಯವರು ವಾಹನ ನಿಲ್ಲಿಸುವಂತಿಲ್ಲ. ಉಳಿದ 12 ಅಡಿಯಲ್ಲಿ ರಸ್ತೆಯ ಉದ್ದಕ್ಕೆ ಕಾರು ನಿಲ್ಲಿಸಲು ಸಾಧ್ಯವಿಲ್ಲ, ಏಕೆಂದರೆ ಅದಕ್ಕೆ ಬೇಕಾದುದು 18 ಅಡಿ. ಅಂದರೆ ಮನೆಯೊಳಗೆ ಒಂದು ಕಾರಿಗೆ ಜಾಗ ಮಾಡಿದುದರಿಂದ ರಸ್ತೆ ಬದಿಯಲ್ಲಿದ್ದ ಒಂದು ಕಾರಿನ ಜಾಗ ಹೋಯಿತು. ಒಟ್ಟು ಸಂಖ್ಯೆ ಹೆಚ್ಚಲಿಲ್ಲ. ರಸ್ತೆಯ ಜಾಗವನ್ನು ಯಾರು ಬೇಕಾದರೂ ಬಳಸಬಹುದಾಗಿತ್ತು, ಮನೆಯೊಳಗಿನದನ್ನು ಒಬ್ಬರೇ ಬಳಸಬಹುದು; ಅವರು ಊರಿಗೆ ಹೋದಾಗ ಅದು ಖಾಲಿ ಇರುತ್ತದೆ.

ಇದೇ 20 ಅಡಿಯಲ್ಲಿ ಕಾರಿಗೆ 8 ಅಡಿ, ಮೆಟ್ಟಿಲಿಗೆ ಹಾಗೂ ಗೋಡೆಗಳಿಗೆ ನಾಲ್ಕೈದು ಅಡಿ ಬಿಟ್ಟರೆ ಬೀದಿಗೆ ಮುಖ ಮಾಡಿದ ಕೋಣೆಗೆ ಉಳಿಯುವುದು ಏಳೆಂಟು ಅಡಿ. ಹೆಚ್ಚಿನವರು ಆ ಕೋಣೆಯನ್ನೇ ಕೈಬಿಡುತ್ತಾರೆ. ಸಾಲಾಗಿ ಇಂತಹ ಮನೆಗಳು ಎದ್ದಾಗ ಬೀದಿಯ ಎರಡೂ ಬದಿಗೆ ಕಬ್ಬಿಣದ ಗೇಟುಗಳು ಮಾತ್ರ ಕಾಣುತ್ತವೆ. ಕಿಟಕಿಯಿಲ್ಲ, ಕುಳಿತು ಮಾತನಾಡುವ ಕಟ್ಟೆಯಿಲ್ಲ, ಮಕ್ಕಳು ಆಡುವಾಗ ಒಳಗಿನಿಂದ ನೋಡುವ ಕಣ್ಣಿಲ್ಲ.

ನಮ್ಮ ಭಾಗದ ಹಳೆಯ ಮನೆಗಳಿಗೂ ನಿಲುಗಡೆ ವ್ಯವಸ್ಥೆ ಇತ್ತು ಎಂಬುದನ್ನು ಇಲ್ಲಿ ಸ್ಮರಿಸಬಹುದು. ತಲೆಬಾಗಿಲು ದಾಟಿದೊಡನೆ ಎತ್ತು, ಎಮ್ಮೆ ಕಟ್ಟುವ ಜಾಗ, ಅದಕ್ಕೆ ಗೋದಲಿ. ಅಲ್ಲಿಂದ ಎರಡು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ. ಬಂಡಿ ಹೊರಗೆ. ಯಾವ ಕಾಯ್ದೆಯೂ ಅದನ್ನು ವಿಧಿಸಿರಲಿಲ್ಲ. ದನ ಇದ್ದವರು ಜಾಗ ಬಿಟ್ಟರು, ಇಲ್ಲದವರು ಬಿಡಲಿಲ್ಲ.

ಇಳಕಲ್ಲು, ಬಾದಾಮಿ, ನವನಗರ

ಇಳಕಲ್ಲಿನ ಸೀರೆಗೆ 2007ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿರುವುದು ಎಲ್ಲರಿಗೂ ತಿಳಿದಿದೆ. ಆ ಸೀರೆಯನ್ನು ನೇಯುವ ಕುಣಿಮಗ್ಗಕ್ಕೆ ನೆಲದಲ್ಲಿ ಕುಣಿ ತೋಡಬೇಕು. ನೇಕಾರರು ಅದರಲ್ಲಿ ಕಾಲಿಳಿಬಿಟ್ಟು ಕುಳಿತು ತುಳಿಗೋಲನ್ನು ಒತ್ತುತ್ತಾರೆ. ಇಂತಹ ಮಗ್ಗವನ್ನು ಮೊದಲನೆಯ ಮಹಡಿಗೆ ಸಾಗಿಸಲಾಗದು. ನೆಲ ಅಂತಸ್ತನ್ನು ಕಾರಿಗೆ ಬಿಡಬೇಕೆಂದಾದಲ್ಲಿ ಹೊರಬೀಳುವುದು ಮಗ್ಗ. ಇಲ್ಲಿ ನೆಲ ಅಂತಸ್ತೆಂಬುದು ಮನೆಯ ಒಂದು ಭಾಗವಷ್ಟೇ ಅಲ್ಲ, ದುಡಿಮೆಯ ಸ್ಥಳ. ಅಂಗಡಿ ಮುಂಗಟ್ಟು, ಹೊಲಿಗೆ ಯಂತ್ರ, ರೊಟ್ಟಿ ಮಾಡಿ ಮಾರುವ ಮಹಿಳೆಯರ ಒಲೆ, ಇವೆಲ್ಲವೂ ಬೀದಿಯ ಮಟ್ಟದಲ್ಲಿಯೇ ಇರಬೇಕಾದವು. ಮಹಡಿಯ ಮೇಲಿನ ಕಿರಾಣಿ ಅಂಗಡಿಗೆ ಗಿರಾಕಿ ಹತ್ತಿ ಬರುವುದಿಲ್ಲ. ವಲಯ ನಿಯಮಾವಳಿಗಳು ಅಂಗಡಿಗೆ ಪ್ರತ್ಯೇಕವಾಗಿ, ಮನೆಗಿಂತ ಹೆಚ್ಚಿನ ದರದಲ್ಲಿ ಕಾರಿನ ಜಾಗ ಕೇಳುವುದು ವಾಡಿಕೆ. ಆದ್ದರಿಂದ ಸಣ್ಣ ನಿವೇಶನದಲ್ಲಿ ಕಾನೂನುಬದ್ಧವಾಗಿ ಅಂಗಡಿ ತೆರೆಯುವುದು ಕಷ್ಟವಾಗಿ, ಕಾನೂನಿನ ಹೊರಗೆ ತೆರೆಯುವುದು ಸುಲಭವಾಗುತ್ತದೆ.

ಬಾದಾಮಿಯ ಪರಿಸ್ಥಿತಿ ಬೇರೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಗುಹಾಲಯಗಳ, ಕೋಟೆಗಳ, ಅಗಸ್ತ್ಯತೀರ್ಥದ ಸುತ್ತ ಬೆಳೆದ ಊರಿನಲ್ಲಿ ಈ ವರ್ತುಲಗಳ ಒಳಗೆ ವಾಸಿಸುವವರು ಎತ್ತರ ಕಟ್ಟುವಂತಿಲ್ಲ, ಆಳ ತೋಡುವಂತಿಲ್ಲ. ಮೇಲಕ್ಕೆ ಹೋಗಲು ಅವಕಾಶವಿಲ್ಲದ ಮನೆಯಿಂದ ನೆಲ ಅಂತಸ್ತನ್ನೂ ಕೇಳಿದರೆ ಉಳಿಯುವುದೇನು? ಅಲ್ಲಿ ನಿಜವಾಗಿ ಬೇಕಾದುದು ಪ್ರವಾಸಿಗರ ಬಸ್ಸು, ಕಾರುಗಳಿಗೆ ಊರಿನ ಅಂಚಿನಲ್ಲಿ ಒಂದು ಸಾಮೂಹಿಕ ನಿಲುಗಡೆ ಹಾಗೂ ಅಲ್ಲಿಂದ ನೆರಳಿನಲ್ಲಿ ನಡೆದು ಬರುವ ದಾರಿ. ಬಾದಾಮಿ ನಿವಾಸಿಯ ಅಂಗಳ ಪ್ರವಾಸಿಯ ಕಾರಿನ ಸಮಸ್ಯೆಯನ್ನು ಬಗೆಹರಿಸಲಾರದು.

ಬಾಗಲಕೋಟೆಯ ನವನಗರದ ಉದಾಹರಣೆ ಇನ್ನೂ ಮುಖ್ಯವಾದುದು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ನೆಲೆ ಕಳೆದುಕೊಂಡವರಿಗಾಗಿ 1980ರ ದಶಕದಲ್ಲಿ ರೂಪಿಸಲಾದ ಈ ಹೊಸ ಊರಿನ ಯೋಜನೆಯನ್ನು ಸಿದ್ಧಪಡಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ನವಿ ಮುಂಬಯಿಯ ಬೇಲಾಪುರದಲ್ಲಿ ಅವರು ಅದೇ ದಶಕದಲ್ಲಿ ಮಾಡಿದ ವಸತಿ ಯೋಜನೆಯ ತತ್ವ ಸರಳ: ಪ್ರತಿ ಕುಟುಂಬಕ್ಕೂ ತನ್ನದೇ ನೆಲ, ತೆರೆದ ಅಂಗಳ, ಹಾಗೂ ಅನುಕೂಲವಾದಂತೆ ಒಂದೊಂದೇ ಕೋಣೆ ಸೇರಿಸಿಕೊಳ್ಳುವ ಸ್ವಾತಂತ್ರ್ಯ. ನಮ್ಮ ಜಿಲ್ಲೆಯ ಜನ ಮನೆ ಕಟ್ಟುವ ಕ್ರಮವೂ ಅದೇ. ಮೊದಲು ಎರಡು ಕೋಣೆ, ಬೆಳೆ ಬಂದ ವರ್ಷ ಅಡುಗೆಮನೆ, ಮಗನ ಮದುವೆಗೆ ಮೊದಲು ಮಾಳಿಗೆಯ ಮೇಲೊಂದು ಕೋಣೆ. ಕಲ್ಲುಗೋಡೆಯ ಮೇಲೆ ಭಾರ ಹೊರಿಸುವ ಮನೆಗೆ ಈ ಕ್ರಮ ಒಗ್ಗುತ್ತದೆ. ಸ್ಟಿಲ್ಟ್ ಮನೆಗೆ ಒಗ್ಗದು, ಏಕೆಂದರೆ ಅದಕ್ಕೆ ಮೊದಲ ದಿನವೇ ಕಾಂಕ್ರೀಟಿನ ಕಂಬ, ತೊಲೆ, ಚಾವಣಿ ಎಲ್ಲವೂ ಬೇಕು. ಒಂದು ಕೋಣೆ ವಾಸಕ್ಕೆ ಸಿಗುವ ಮುನ್ನವೇ ಕೂಡಿಟ್ಟ ಹಣ ಕಾರಿಲ್ಲದ ಕಾರುಮನೆಯಲ್ಲಿ ಕರಗಿರುತ್ತದೆ.

ಈ ವಿಷಯ ಇಂದು ಅಕಾಡೆಮಿಕ್ ಚರ್ಚೆಯಾಗಿ ಉಳಿದಿಲ್ಲ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣ 2010ರಲ್ಲಿ ಅವಕಾಶ ನೀಡಿತು. ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತದ ಈ ಕಾಮಗಾರಿಯಿಂದ 20 ಗ್ರಾಮಗಳು ಮತ್ತು ಬಾಗಲಕೋಟೆ ಪಟ್ಟಣದ 11 ವಾರ್ಡುಗಳು ಬಾಧಿತವಾಗಲಿವೆ. ಮುಳುಗಡೆ ಜಮೀನಿನ ಪರಿಹಾರದ ದರಗಳ ಬಗ್ಗೆ ರಾಜ್ಯ ಸಚಿವ ಸಂಪುಟವು ಸೆಪ್ಟೆಂಬರ್ 2025ರಲ್ಲಿ ತೀರ್ಮಾನ ಕೈಗೊಂಡಿತು. ಮುಂದಿನ ವರ್ಷಗಳಲ್ಲಿ ಪುನರ್ವಸತಿ ಕೇಂದ್ರಗಳಲ್ಲಿ ಸಾವಿರಾರು ನಿವೇಶನಗಳು ಹಂಚಿಕೆಯಾಗಿ, ಸಾವಿರಾರು ನಕ್ಷೆಗಳು ಮಂಜೂರಾತಿಗೆ ಬರಲಿವೆ. ಒಮ್ಮೆ ಮನೆ ಕಳೆದುಕೊಂಡ ಕುಟುಂಬ ಪರಿಹಾರದ ಹಣದಲ್ಲಿ ಕಟ್ಟುವ ಎರಡನೆಯ ಮನೆಯ ನೆಲ ಅಂತಸ್ತಿನಲ್ಲಿ ಏನಿರಬೇಕೆಂಬುದನ್ನು, ಬೆಂಗಳೂರಿನ ಅಗತ್ಯಗಳಿಗೆ ತಯಾರಾದ ಕೋಷ್ಟಕ ನಿರ್ಧರಿಸುವುದು ಯುಕ್ತವೇ ಎಂಬುದನ್ನು ಈಗಲೇ ಯೋಚಿಸಬೇಕಾಗಿದೆ.

ತುಳಸಿಗೇರಿ

ಬಾಗಲಕೋಟೆಯಿಂದ ಕಲಾದಗಿಯ ಕಡೆಗೆ ಹೋಗುವ ಮಾರ್ಗದಲ್ಲಿರುವ ತುಳಸಿಗೇರಿಗೆ ಶನಿವಾರಗಳಂದು ಆಂಜನೇಯನ ದರ್ಶನಕ್ಕೆ ಸುತ್ತಲಿನ ಭಕ್ತರು ಬರುತ್ತಾರೆ. ಜಾತ್ರೆಯ ದಿನಗಳಲ್ಲಂತೂ ಜನಸಂದಣಿ ಹೇಳತೀರದು. ವಾರದ ಉಳಿದ ದಿನಗಳಲ್ಲಿ ಅದು ಒಕ್ಕಲುತನದ ಊರು. ಅಲ್ಲಿನ ಮನೆಯ ಮುಂದೆ ನಿಲ್ಲುವುದು ಹೆಚ್ಚಾಗಿ ಕಾರಲ್ಲ. ಮೋಟಾರ್ ಸೈಕಲ್ಲು, ಇಲ್ಲವೇ ಟ್ರ್ಯಾಕ್ಟರ್ ಮತ್ತು ಅದರ ಟ್ರೇಲರ್. ಸುಗ್ಗಿಯಲ್ಲಿ, ಕಬ್ಬಿನ ಹಂಗಾಮಿನಲ್ಲಿ, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು 5.5 ಮೀಟರಿನ ಆಯತದಲ್ಲಿ ಹಿಡಿಸುವುದಿಲ್ಲ. ನಗರದ ಕೋಷ್ಟಕವನ್ನು ಇಲ್ಲಿಗೆ ತಂದರೆ, ಇಲ್ಲದ ವಾಹನಕ್ಕೆ ಜಾಗ ಬಿಡಿಸಿ ಇರುವ ವಾಹನವನ್ನು ರಸ್ತೆಯಲ್ಲಿಯೇ ಬಿಟ್ಟಂತಾಗುತ್ತದೆ.

ಶನಿವಾರದ ಸಮಸ್ಯೆಯೋ ಎಂದರೆ ಅದು ಬೇರೆಯೇ ಬಗೆಯದು. ವರ್ಷದ ಅತಿ ಹೆಚ್ಚು ಜನಸಂದಣಿಯ ದಿನವನ್ನು ಅಳತೆಗೋಲಾಗಿ ಹಿಡಿದು ಶಾಶ್ವತವಾಗಿ ಕಲ್ಲು ಹಾಸಿದರೆ ಆ ಜಾಗ ವರ್ಷದ ಬಹುಪಾಲು ಬಿಸಿಲಿನಲ್ಲಿ ಬರಿದಾಗಿ ಬಿದ್ದಿರುತ್ತದೆ. ನಮ್ಮ ಕಡೆಯ ಜಾತ್ರೆಗಳಲ್ಲಿ ಹಿಂದಿನಿಂದಲೂ ನಡೆದುಬಂದ ಏರ್ಪಾಡೆಂದರೆ ಬೆಳೆ ತೆಗೆದ ಹೊಲದಲ್ಲಿ ಬಂಡಿ ಬಿಡುವುದು. ಪಂಚಾಯಿತಿಯು ಹೊಲದ ಮಾಲೀಕರೊಂದಿಗೆ ಕರಾರು ಮಾಡಿಕೊಂಡು, ವಾಹನಕ್ಕೆ ಇಂತಿಷ್ಟು ಶುಲ್ಕ ನಿಗದಿಪಡಿಸಿ, ಬಂದ ಹಣದಲ್ಲಿ ಒಂದು ಪಾಲು ಊರಿನ ನೀರು-ನೈರ್ಮಲ್ಯಕ್ಕೆ ಸೇರುವಂತೆ ಮಾಡುವುದು ಇದರದೇ ಮುಂದುವರಿಕೆ. ಬಳಸಿದವರು ಬಳಸಿದ ದಿನಕ್ಕೆ ಹಣ ಕೊಡುತ್ತಾರೆ. ದೇವರ ಹೆಸರಿನ ಬೀದಿಯಲ್ಲಿ ಮನೆಯಿರುವ ತಪ್ಪಿಗೆ ಯಾರೂ ತಮ್ಮ ಪಡಸಾಲೆಯನ್ನು ಬಿಟ್ಟುಕೊಡಬೇಕಾಗಿಲ್ಲ.

ಬೆಂಗಳೂರಿನ ಅನುಭವ ಮತ್ತು ಹೊರಗಿನ ಬೆಳವಣಿಗೆ

ಬೆಂಗಳೂರು ಕಡ್ಡಾಯ ನಿಲುಗಡೆಯ ನಿಯಮವನ್ನು ದೀರ್ಘಕಾಲದಿಂದ ಅನುಸರಿಸುತ್ತಿದೆ. ಆದರೂ ಅಲ್ಲಿನ ವಸತಿ ಬಡಾವಣೆಗಳ ರಸ್ತೆಗಳ ಎರಡೂ ಬದಿ ವಾಹನಗಳಿಂದ ತುಂಬಿವೆ. ನೆಲಮಾಳಿಗೆಗಳು ಅಂಗಡಿ, ಗೋದಾಮುಗಳಾಗಿ ಬದಲಾಗಿ ಪಾಲಿಕೆಯು ಪದೇ ಪದೇ ತೆರವು ಕಾರ್ಯಾಚರಣೆ ನಡೆಸಬೇಕಾಯಿತು. ರಸ್ತೆಯ ಮೇಲೆ ನಿಲ್ಲಿಸಲು ಏನೂ ಕೊಡಬೇಕಾಗಿಲ್ಲವೆಂದಾದರೆ, ಒಳಗಿನ ಜಾಗವನ್ನು ಬಾಡಿಗೆಗೆ ಕೊಟ್ಟು ಕಾರನ್ನು ಹೊರಗೆ ನಿಲ್ಲಿಸುವುದು ಲಾಭದಾಯಕ. ಜನ ಲಾಭವಿರುವುದನ್ನು ಮಾಡಿದರು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ನಿಲುಗಡೆ ಶುಲ್ಕವು ಆ ನೆಲದ ಬೆಲೆಯನ್ನು ಪ್ರತಿಬಿಂಬಿಸಬೇಕೆಂದು ಹೇಳಿತ್ತು. ನಗರ ಭೂ ಸಾರಿಗೆ ನಿರ್ದೇಶನಾಲಯ ರೂಪಿಸಿದ, 2021ರಲ್ಲಿ ಸರ್ಕಾರ ಒಪ್ಪಿದ ಬೆಂಗಳೂರಿನ ನಿಲುಗಡೆ ನೀತಿ 2.0 ಅದೇ ದಿಕ್ಕಿನದು: ಉಚಿತ ನಿಲುಗಡೆಯಿಂದ ಶುಲ್ಕದ ನಿಲುಗಡೆಗೆ ಸಾಗುವುದು, ವಸತಿ ಬೀದಿಗಳಲ್ಲಿ ವಾರ್ಷಿಕ ಪರವಾನಗಿ ಪದ್ಧತಿ ತರುವುದು. ನೀತಿ ಒಪ್ಪಿತವಾದಷ್ಟು ಬೇಗ ಅನುಷ್ಠಾನವಾಗಲಿಲ್ಲ.

ಅಕ್ಟೋಬರ್ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ವ್ಯಾಪ್ತಿಯಲ್ಲಿ 1,200 ಚದರ ಅಡಿವರೆಗಿನ ನಿವೇಶನದ ವಾಸದ ಮನೆಗಳಿಗೆ ಸ್ವಾಧೀನಾನುಭವ ಪತ್ರದಿಂದ ವಿನಾಯಿತಿ ನೀಡಲಾಯಿತು. ಆ ವಿನಾಯಿತಿಯ ಮಿತಿಯನ್ನು ಗಮನಿಸಿರಿ: ನೆಲ ಅಂತಸ್ತು ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿ. ಕೆಳಗೆ ವಾಸ ಮಾಡುವವರಿಗಿಂತ ಕೆಳಗೆ ವಾಹನ ನಿಲ್ಲಿಸುವವರಿಗೆ ಒಂದು ಮಹಡಿ ಹೆಚ್ಚು. ಬೆಂಗಳೂರಿನ ಹೊರಗಿನ ಅರ್ಜಿದಾರರು ತಮ್ಮ ಸ್ಥಳೀಯ ಸಂಸ್ಥೆಗೆ ಅನ್ವಯಿಸುವ ಆದೇಶವನ್ನು ಪ್ರತ್ಯೇಕವಾಗಿ ಕೇಳಿ ತಿಳಿದುಕೊಳ್ಳತಕ್ಕದ್ದು.

ಹೊರದೇಶಗಳಲ್ಲಿ ಗಾಳಿ ಬದಲಾಗಿದೆ. ಕಡ್ಡಾಯ ನಿಲುಗಡೆಯ ವೆಚ್ಚವನ್ನು ವಿಶ್ಲೇಷಿಸಿ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಶೂಪ್ 2005ರಲ್ಲಿ ಪ್ರಕಟಿಸಿದ ಗ್ರಂಥ ಈ ಚರ್ಚೆಗೆ ಬುನಾದಿ ಹಾಕಿತು. ಅವರು 2025ರಲ್ಲಿ ನಿಧನರಾದರು. ಲಂಡನ್ 2004ರಲ್ಲಿ ಕನಿಷ್ಠ ಮಿತಿ ಕೈಬಿಟ್ಟು ಗರಿಷ್ಠ ಮಿತಿ ತಂದಿತು. ಮೆಕ್ಸಿಕೋ ನಗರ 2017ರಲ್ಲಿ ಅದೇ ಮಾಡಿತು. ಕ್ಯಾಲಿಫೋರ್ನಿಯಾ ರಾಜ್ಯವು 2022ರ ಕಾಯ್ದೆಯ ಮೂಲಕ ಪ್ರಮುಖ ಸಾರ್ವಜನಿಕ ಸಾರಿಗೆ ನಿಲ್ದಾಣಗಳ ಸಮೀಪ ಕಡ್ಡಾಯವನ್ನು ತೆಗೆದುಹಾಕಿತು. ಜಪಾನಿನ ಮಾರ್ಗ ಇನ್ನೊಂದು ಬಗೆಯದು, ನಮಗೆ ಹೆಚ್ಚು ಉಪಯುಕ್ತವೂ ಹೌದು. ಅಲ್ಲಿ 1962ರ ಕಾಯ್ದೆಯಂತೆ ಕಾರು ನೋಂದಾಯಿಸುವವರು ತಮ್ಮಲ್ಲಿ ನಿಲ್ಲಿಸಲು ಜಾಗವಿದೆ ಎಂಬುದನ್ನು ರುಜುವಾತುಪಡಿಸಬೇಕು. ಮನೆ ಕಟ್ಟುವವರನ್ನು ಕಾರಿನ ಜಾಗ ಕೇಳುವ ಬದಲು ಕಾರು ಕೊಳ್ಳುವವರನ್ನು ಕೇಳಲಾಗುತ್ತದೆ. ಲೆಕ್ಕದ ದೃಷ್ಟಿಯಿಂದ ಖರ್ಚು ಸರಿಯಾದ ಖಾತೆಗೆ ಬೀಳುತ್ತದೆ.

ನಮ್ಮ ಜಿಲ್ಲೆಯ ಊರುಗಳಿಗೆ ಇವುಗಳಲ್ಲಿ ಯಾವುದನ್ನೂ ಹಾಗೆಯೇ ಎತ್ತಿ ತರಬೇಕಾಗಿಲ್ಲ. ಕಲ್ಯಾಣ ಮಂಟಪ, ಆಸ್ಪತ್ರೆ, ದೊಡ್ಡ ವಾಣಿಜ್ಯ ಸಂಕೀರ್ಣಗಳಿಗೆ ನಿಲುಗಡೆ ಕಡ್ಡಾಯವಾಗಿಯೇ ಇರಲಿ, ಇನ್ನೂ ಬಿಗಿಯಾಗಲಿ. ಆದರೆ 30×40 ಅಡಿ ಹಾಗೂ ಅದಕ್ಕಿಂತ ಚಿಕ್ಕ ನಿವೇಶನದ ಸ್ವಂತ ವಾಸದ ಮನೆ, ಮನೆಯೊಳಗಿನ ಅಂಗಡಿ ಮತ್ತು ಮಗ್ಗಗಳಿಗೆ ಕಾರಿನ ಜಾಗವನ್ನು ಮಾಲೀಕರ ಇಚ್ಛೆಗೆ ಬಿಡುವುದರಿಂದ ಸಾರ್ವಜನಿಕರಿಗೆ ಆಗುವ ನಷ್ಟ ಅಲ್ಪ ಎಂಬುದು ಈ ಲೇಖಕರ ಅಭಿಪ್ರಾಯ. ಬೀದಿಯ ಅಗಲವನ್ನು ಮಾತ್ರ ಬಿಟ್ಟುಕೊಡುವಂತಿಲ್ಲ. ಅಗ್ನಿಶಾಮಕ ವಾಹನಕ್ಕೆ ರಿಯಾಯಿತಿ ಎಂಬುದಿಲ್ಲ.

ಅರ್ಜಿದಾರರಿಗೆ ಸೂಚನೆಗಳು

ನಿಯಮ ಬದಲಾಗುವವರೆಗೆ ಇರುವ ನಿಯಮವನ್ನೇ ಪಾಲಿಸತಕ್ಕದ್ದು. ನಕ್ಷೆಯಲ್ಲಿ ತೋರಿಸಿದ ನಿಲುಗಡೆ ಜಾಗವನ್ನು ಬೇರೆ ಉಪಯೋಗಕ್ಕೆ ಬಳಸಿದಲ್ಲಿ ಸ್ವಾಧೀನಾನುಭವ ಪತ್ರ ದೊರೆಯದಿರಬಹುದು, ಅದರಿಂದಾಗಿ ಸಂಪರ್ಕಗಳಿಗೂ ಬ್ಯಾಂಕಿನ ಸಾಲಕ್ಕೂ ಅಡಚಣೆಯಾಗಬಹುದು. ಕಟ್ಟುವಾಗ ಬದಲಾವಣೆ ಅನಿವಾರ್ಯವಾದರೆ ಗೋಡೆ ಎತ್ತುವ ಮೊದಲೇ ಪರಿಷ್ಕೃತ ನಕ್ಷೆ ಸಲ್ಲಿಸಿ ಮಂಜೂರಾತಿ ಪಡೆಯಿರಿ. ತಮ್ಮ ನಿವೇಶನಕ್ಕೆ ಅನ್ವಯಿಸುವ ನಿಲುಗಡೆ ಕೋಷ್ಟಕದ ಪ್ರತಿಯನ್ನು ಕಚೇರಿಯಲ್ಲಿ ಕೇಳಿ ಪಡೆಯಬಹುದು. ನೀಡದಿದ್ದಲ್ಲಿ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅರ್ಜಿ ಸಲ್ಲಿಸಬಹುದು. ಕಟ್ಟಡ ಪರವಾನಗಿಯು ಸಕಾಲ ಸೇವೆಯಾಗಿರುವುದರಿಂದ ಸ್ವೀಕೃತಿಯೊಂದಿಗೆ ಸಕಾಲ ಸಂಖ್ಯೆಯನ್ನು ತಪ್ಪದೆ ಪಡೆಯತಕ್ಕದ್ದು.

ಬಹುಮಹಡಿ ಕಟ್ಟಡಗಳಲ್ಲಿ ಮನೆ ಕೊಳ್ಳುವವರು ಗಮನಿಸಬೇಕಾದುದು: ಸ್ಟಿಲ್ಟ್ ನಿಲುಗಡೆಯನ್ನು ಕಟ್ಟಡ ನಿರ್ಮಾಣದಾರರು ಪ್ರತ್ಯೇಕವಾಗಿ ಮಾರುವಂತಿಲ್ಲವೆಂದು ಮಹಾರಾಷ್ಟ್ರದ ಕಾಯ್ದೆಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ ತೆರೆದ ನಿಲುಗಡೆ ಪ್ರದೇಶವು ಎಲ್ಲ ಮಾಲೀಕರ ಸಾಮಾನ್ಯ ಪ್ರದೇಶ. ಅದಕ್ಕೆಂದು ಪ್ರತ್ಯೇಕ ಹಣ ಕೇಳಿದಲ್ಲಿ ಕರಾರುಪತ್ರವನ್ನು ಎರಡು ಬಾರಿ ಓದಿ ಸಹಿ ಮಾಡಿರಿ.

ಮಹಾಯೋಜನೆ ಹಾಗೂ ವಲಯ ನಿಯಮಾವಳಿಗೆ ತಾತ್ಕಾಲಿಕ ಅನುಮೋದನೆ ದೊರೆತು ಪ್ರಕಟವಾದಾಗ ಸಾರ್ವಜನಿಕರು ತಮ್ಮ ಅಭಿಪ್ರಾಯ ಸಲ್ಲಿಸಲು 60 ದಿನಗಳ ಕಾಲಾವಕಾಶವಿರುತ್ತದೆ. ಇಂತಹ ಸಂದರ್ಭಗಳಲ್ಲಿ ರಸ್ತೆ ಅಗಲೀಕರಣದ ಬಗ್ಗೆ ಆಕ್ಷೇಪಣೆಗಳು ಬರುವುದೇ ಹೆಚ್ಚು; ನಿಲುಗಡೆ ಕೋಷ್ಟಕದ ಬಗ್ಗೆ ಬರೆಯುವವರು ವಿರಳ. ಬರೆಯುವವರು ನಿವೇಶನದ ಅಳತೆ, ಮುಂಭಾಗದ ಅಗಲ, ಮನೆಯಲ್ಲಿರುವ ವಾಹನಗಳು ಹಾಗೂ ನೆಲ ಅಂತಸ್ತಿನಲ್ಲಿ ನಡೆಯುವ ಉದ್ಯೋಗ, ಇವಿಷ್ಟನ್ನು ನಮೂದಿಸಿ ಒಂದು ಪುಟದಲ್ಲಿ ಬರೆದು, ಯೋಜನಾ ಪ್ರಾಧಿಕಾರದ ಕಚೇರಿಗೆ ಖುದ್ದಾಗಿ ಸಲ್ಲಿಸಿ ಮೊಹರು ಸಹಿತ ಸ್ವೀಕೃತಿ ಪಡೆದುಕೊಳ್ಳತಕ್ಕದ್ದು.